1066ರಿಂದ ರೋಮ್ ಸಾಮ್ರಾಜ್ಯ ಮತ್ತೆ ಕಟ್ಟುವುದು: ಮೊದಲು ರೋಮ್‌ಗೋ, ಅಲೆಕ್ಸಾಂಡ್ರಿಯಾಗೋ?

ನಕ್ಷೆಪ್ರಿಯ:

ಎಲ್ಲರಿಗೂ ನಮಸ್ಕಾರ. ಕ್ರುಸೇಡರ್ ಕಿಂಗ್ಸ್ 3 ಅನ್ನುವ ಕಂಪ್ಯೂಟರ್ ಆಟದಲ್ಲಿ 1066ರ ಬೈಜಾಂಟಿಯಂ (ಪೂರ್ವ ರೋಮ್ ಸಾಮ್ರಾಜ್ಯ) ಆಡುತ್ತಿದ್ದೇನೆ. ಹತ್ತನೇ ಕಾನ್‌ಸ್ಟಂಟೈನ್ ಡೂಕಾಸ್‌ನಿಂದ ಶುರು ಮಾಡಿದ ಆಟ. ಗುರಿ ಒಂದೇ, ರೋಮ್ ಸಾಮ್ರಾಜ್ಯವನ್ನು ಮರಳಿ ಕಟ್ಟುವ ಡಿಸಿಷನ್ (ಷರತ್ತುಗಳು ಪೂರೈಸಿದ ಮೇಲೆ ಒತ್ತುವ ಆಯ್ಕೆ) ಒತ್ತಬೇಕು. ರೋಡ್ಸ್ ಟು ಪವರ್ ಅನ್ನುವ ಹೆಚ್ಚುವರಿ ಪ್ಯಾಕ್ ನನ್ನ ಹತ್ತಿರ ಇಲ್ಲ, ಹಾಗಾಗಿ ಮಾಮೂಲಿ ಫ್ಯೂಡಲ್ (ಸಾಮಂತರ) ಸರ್ಕಾರ.

ಸೆಲ್ಜುಕ್ ತುರ್ಕರ ಸುಲ್ತಾನ ಆಲ್ಪ್ ಅರ್ಸ್ಲಾನ್ ತೀರಿಕೊಂಡ ಮೇಲೆ ಆ ಕಡೆಯ ಗಡಿ ತಣ್ಣಗಿದೆ. ಅನಟೋಲಿಯಾ ಪೂರ್ತಿ ನನ್ನ ಕೈಯಲ್ಲಿದೆ. ಅಂತಿಯೋಕ್, ಸೈಪ್ರಸ್ ಇವೆ. ಸಿಸಿಲಿಯನ್ನೂ ಗೆದ್ದುಕೊಂಡೆ. ದಕ್ಷಿಣ ಇಟಲಿಯಲ್ಲಿ ನಾರ್ಮನ್ ಸರದಾರ ರಾಬರ್ಟ್ ಗಿಸ್ಕಾರ್ಡ್‌ನ ಮಕ್ಕಳು ಇನ್ನೂ ಭದ್ರವಾಗಿ ಕೂತಿದ್ದಾರೆ. ಇಷ್ಟರಲ್ಲಿ ಮುದಿ ಚಕ್ರವರ್ತಿ ಸತ್ತು, ಇನ್ನೂ ಮೀಸೆ ಚಿಗುರದ ಮೊಮ್ಮಗ ಪಟ್ಟಕ್ಕೆ ಬಂದ. ಬಂದ ಕೂಡಲೇ ಫ್ಯಾಕ್ಷನ್‌ಗಳು, ಅಂದರೆ ಸಾಮಂತರ (ವ್ಯಾಸಲ್‌ಗಳ) ವಿರೋಧಿ ಗುಂಪುಗಳು, ಶುರುವಾಗಿವೆ. ಎರಡು ಫ್ಯಾಕ್ಷನ್‌ಗಳ ಬಲ ನನ್ನ ಸೇನೆಗೆ ಹೆಚ್ಚುಕಡಿಮೆ ಸಮ.

ನನ್ನ ಪ್ರಶ್ನೆ ಎರಡು. ಒಂದು, ಹೊಸ ಹುಡುಗನನ್ನು ಉಳಿಸಿಕೊಳ್ಳುವುದು ಹೇಗೆ? ಎರಡು, ರೋಮ್, ಜೆರುಸಲೇಮ್, ಅಲೆಕ್ಸಾಂಡ್ರಿಯಾ ಮೂರರಲ್ಲಿ ಮೊದಲು ಯಾವುದಕ್ಕೆ ಕೈ ಹಾಕಲಿ? ಮನಸ್ಸು ರೋಮ್ ಕಡೆಗೇ ಎಳೆಯುತ್ತಿದೆ. ರೋಮ್ ಇಲ್ಲದ ರೋಮ್ ಸಾಮ್ರಾಜ್ಯ ಅಂದರೆ ಹೇಗೆ, ಅಲ್ವಾ?

ಥೀಮ್‌ಸೇನಾನಿ:

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಈ ಆಟದಲ್ಲಿ ನಾನು ಬೇರೆ ಯಾವ ದೇಶವನ್ನೂ ಇಷ್ಟು ಪ್ರೀತಿಯಿಂದ ಆಡಿಲ್ಲ. ಆದರೂ ಹೇಳುತ್ತೇನೆ, ರೋಮ್ ಕೊನೆಗೆ ಇರಲಿ. ಮೊದಲು ಜೆರುಸಲೇಮ್, ಆಮೇಲೆ ಅಲೆಕ್ಸಾಂಡ್ರಿಯಾ.

ಕಾರಣ ಇದು. ಈಜಿಪ್ಟ್, ಜೆರುಸಲೇಮ್ ಆಳುವ ಮುಸ್ಲಿಂ ಫಾತಿಮಿಡ್‌ಗಳ ಮೇಲೆ ನೀವು ನೇರವಾಗಿ ಹೋಲಿ ವಾರ್ (ಧರ್ಮಯುದ್ಧ) ಸಾರಬಹುದು. ಪಯಟಿ (ಭಕ್ತಿಯ ಅಂಕ) ಖರ್ಚಾಗುತ್ತದೆ, ಅಷ್ಟೇ. ಕ್ಲೇಮ್ (ನೆಲದ ಮೇಲಿನ ಹಕ್ಕು) ಹುಡುಕುವ ಗೋಜಿಲ್ಲ. ಭಕ್ತಿಯ ಮಟ್ಟ ಏರಿದ್ದರೆ ಒಂದು ಡಚಿಯ (ಡ್ಯೂಕ್ ಆಳುವ ಸೀಮೆಯ) ಬದಲು ಇಡೀ ರಾಜ್ಯಕ್ಕೇ ಯುದ್ಧ ಹೂಡಬಹುದು. ಆದರೆ ಕ್ಯಾಥೊಲಿಕ್‌ರ ಮೇಲೆ ಆರ್ಥಡಾಕ್ಸ್ ಚಕ್ರವರ್ತಿಗೆ ಆ ದಾರಿ ಇಲ್ಲ. ಎರಡೂ ಪಂಥಗಳು ಒಂದನ್ನೊಂದು ದಾರಿ ತಪ್ಪಿದವರು ಅಂತ ನೋಡುತ್ತವೆಯೇ ಹೊರತು ಶತ್ರುಗಳು ಅಂತ ಅಲ್ಲ. ಹಾಗಾಗಿ ನಾಳೆ ಪೋಪ್ ಕ್ರುಸೇಡ್ ಕರೆದು ಜೆರುಸಲೇಮ್ ಗೆದ್ದುಬಿಟ್ಟರೆ, ಅಲ್ಲಿ ಒಬ್ಬ ಕ್ಯಾಥೊಲಿಕ್ ರಾಜ ಕೂತುಬಿಡುತ್ತಾನೆ. ಆಮೇಲೆ ನಿಮಗೆ ಒಂದೊಂದು ಕೌಂಟಿಗೂ (ಡಚಿಯೊಳಗಿನ ಸಣ್ಣ ಸೀಮೆ) ಕ್ಲೇಮ್ ಬೇಕು. ಇತಿಹಾಸದಲ್ಲೂ ಹೀಗೇ ಆಯಿತು. 1098ರಲ್ಲಿ ಕ್ರುಸೇಡರ್‌ಗಳು ಅಂತಿಯೋಕ್ ಹಿಡಿದರು. ಅದನ್ನು ಬೈಜಾಂಟಿಯಂನ ಅಲೆಕ್ಸಿಯೋಸ್ ಚಕ್ರವರ್ತಿಗೆ ಒಪ್ಪಿಸಲೇ ಇಲ್ಲ. ಮರುವರ್ಷ ಜೆರುಸಲೇಮ್‌ನಲ್ಲಿ ತಮ್ಮದೇ ರಾಜ್ಯ ಕಟ್ಟಿಕೊಂಡರು.

ರೋಮ್ ಎಲ್ಲಿಗೂ ಓಡಿಹೋಗುವುದಿಲ್ಲ. ಇವತ್ತೂ ಅದಕ್ಕೆ ಕ್ಲೇಮ್ ಬೇಕು, ಐವತ್ತು ವರ್ಷ ಬಿಟ್ಟರೂ ಬೇಕು. ನಿಮ್ಮ ಧರ್ಮಗುರುವನ್ನು ಇವತ್ತೇ ಆ ಕ್ಲೇಮ್ ಹುಟ್ಟಿಸುವ ಕೆಲಸಕ್ಕೆ ಹಚ್ಚಿ. ಅವನು ನಿಧಾನವಾಗಿ ಮಾಡುತ್ತಿರಲಿ. ನೀವು ಅಷ್ಟರಲ್ಲಿ ದಕ್ಷಿಣ ನೋಡಿಕೊಳ್ಳಿ.

ಡಿಸಿಷನ್ ಪರದೆಯನ್ನು ಒಮ್ಮೆ ತೆರೆದು ಪಟ್ಟಿ ಪೂರ್ತಿ ಓದಿ. ಅದು ಸಾಮ್ರಾಜ್ಯ ಅತಿ ದೊಡ್ಡದಾಗಿದ್ದ ಟ್ರೇಜನ್ ಚಕ್ರವರ್ತಿಯ ಕಾಲದ ಇಡೀ ನಕ್ಷೆಯನ್ನೇನೂ ಕೇಳುವುದಿಲ್ಲ. ಬ್ರಿಟನ್, ಗಾಲ್ ಅಂತ ಸುಮ್ನೆ ಅಲೆಯುವವರು ಜಾಸ್ತಿ. ಪಟ್ಟಿಯಲ್ಲಿ ಇಲ್ಲದ ನೆಲಕ್ಕಾಗಿ ಒಂದು ಲೆವಿಯನ್ನೂ (ಯುದ್ಧಕ್ಕೆ ಕರೆಸುವ ಸಾಮಾನ್ಯ ಸೈನಿಕರು) ಎಬ್ಬಿಸಬೇಡಿ.

ಈಗ ಹುಡುಗನ ವಿಷಯ. ನನ್ನ ಪ್ರಕಾರ ನಿಮ್ಮ ಆಟ ನಿಂತಿರುವುದು ಇದರ ಮೇಲೆ, ಸೆಲ್ಜುಕ್‌ಗಳ ಮೇಲೆ ಅಲ್ಲ.

1071ರ ಮಂಜಿಕರ್ಟ್ ಯುದ್ಧವನ್ನೇ ನೋಡಿ. ಚಕ್ರವರ್ತಿ ರೊಮಾನೋಸ್ ಡಿಯೊಜಿನಿಸ್ ಸೆಲ್ಜುಕ್‌ಗಳ ವಿರುದ್ಧ ಮುಂದೆ ಹೋರಾಡುತ್ತಿದ್ದಾಗ, ಹಿಂದಿನ ಪಡೆಯನ್ನು ನಡೆಸುತ್ತಿದ್ದ ಆಂಡ್ರೊನಿಕೋಸ್ ಡೂಕಾಸ್ ಸಹಾಯಕ್ಕೆ ಬರದೆ ಸೇನೆ ಸಮೇತ ಹಿಂದಿರುಗಿದ. ಚಕ್ರವರ್ತಿ ಸೆರೆಸಿಕ್ಕ. ಆಲ್ಪ್ ಅರ್ಸ್ಲಾನ್ ಅವನನ್ನು ಬಿಟ್ಟು ಕಳಿಸಿದ. ಆದರೆ ಸ್ವಂತ ಜನರೇ 1072ರಲ್ಲಿ ಅವನ ಕಣ್ಣು ಕಿತ್ತರು. ಅನಟೋಲಿಯಾ ಆ ಒಂದು ದಿನದಲ್ಲಿ ಹೋಗಲಿಲ್ಲ. ಆಮೇಲಿನ ಹತ್ತು ವರ್ಷ ಸಿಂಹಾಸನಕ್ಕಾಗಿ ಒಳಗೊಳಗೇ ಹೊಡೆದಾಡಿದರಲ್ಲ, ಆಗ ಹೋಯಿತು. ಈ ಆಟ ಅದನ್ನೇ ಬಹಳ ಚೆನ್ನಾಗಿ ತೋರಿಸುತ್ತದೆ.

ಮುದಿ ಚಕ್ರವರ್ತಿ ಸತ್ತ ದಿನ ಏನೇನು ಹೋಗುತ್ತದೆ ನೋಡಿ. ದೀರ್ಘಕಾಲ ಆಳಿದವನಿಗೆ ವ್ಯಾಸಲ್‌ಗಳು ಕೊಡುತ್ತಿದ್ದ ಗೌರವ ಹೋಯಿತು. ಅದರ ಬದಲು ಹೊಸಬ ಅನ್ನುವ ಕಾರಣಕ್ಕೇ ಅಸಮಾಧಾನ ಬಂತು. ಅಜ್ಜ ಗಳಿಸಿದ್ದ ಡ್ರೆಡ್ (ಸಾಮಂತರಲ್ಲಿ ಹುಟ್ಟಿಸಿದ ಭಯ) ಮೊಮ್ಮಗನಿಗೆ ಬರುವುದಿಲ್ಲ. ಅಜ್ಜ ಮಾಡಿಕೊಂಡ ಮೈತ್ರಿಗಳೂ ಅಜ್ಜನ ಜೊತೆಗೇ ಹೋದವು. ಅದೇ ಡ್ಯೂಕ್, ಅದೇ ಸೇನೆ, ಆದರೆ ನೆನ್ನೆ ತಲೆ ಬಾಗಿದ್ದವನು ಇವತ್ತು ಫ್ಯಾಕ್ಷನ್ ಸೇರುತ್ತಾನೆ. ಅಸಮಾಧಾನದ ಪಟ್ಟಿ ತಿಂಗಳು ತಿಂಗಳು ಏರುತ್ತದೆ. ತುಂಬಿದ ದಿನ ಬೇಡಿಕೆ ಬರುತ್ತದೆ. ನಿಮಗೆ ಇರುವುದು ಅಷ್ಟು ಸಮಯ.

ಆ ಸಮಯದಲ್ಲಿ ಎಲ್ಲರನ್ನೂ ಖುಷಿಪಡಿಸಲು ಹೋಗಬೇಡಿ. ಫ್ಯಾಕ್ಷನ್ ತೆರೆದು ಅದರಲ್ಲಿ ಅತಿ ದೊಡ್ಡ ಸೇನೆ ಯಾರದ್ದು ನೋಡಿ. ಒಬ್ಬನೋ ಇಬ್ಬರೋ ಇರುತ್ತಾರೆ, ಉಳಿದವರು ಬರೀ ಬಾಲ. ದೊಡ್ಡವನ ಮನೆಗೆ ತಂಗಿಯನ್ನು ಕೊಟ್ಟು ಮೈತ್ರಿ ಮಾಡಿಕೊಳ್ಳಿ. ಮೈತ್ರಿ ಇದ್ದವನು ನಿಮ್ಮ ವಿರುದ್ಧ ಫ್ಯಾಕ್ಷನ್‌ನಲ್ಲಿ ಇರಲಾರ. ಅವನು ಹೊರಬಂದರೆ ಫ್ಯಾಕ್ಷನ್‌ನ ಬಲ ಕುಸಿದು ಬೇಡಿಕೆ ಹತ್ತಿರಕ್ಕೇ ಬರುವುದಿಲ್ಲ. ಎರಡನೆಯವನ ಆಸ್ಥಾನಕ್ಕೆ ಗೂಢಚಾರನನ್ನು ಕಳಿಸಿ ಗುಟ್ಟು ಹುಡುಕಿಸಿ. ಅಜ್ಜ ಸೆರೆಯಲ್ಲಿ ಬಿಟ್ಟುಹೋದ ದಂಗೆಕೋರರು ಯಾರಾದರೂ ಇದ್ದರೆ, ಅವರ ಶಿಕ್ಷೆಯಿಂದ ಹುಡುಗನಿಗೆ ಬೇಗ ಡ್ರೆಡ್ ಬರುತ್ತದೆ. ಕ್ರೂರ ಕೆಲಸ ನಿಜ. ಹುಡುಗ ದಯಾಳು ಸ್ವಭಾವದವನಾದರೆ ಸ್ಟ್ರೆಸ್ ಏರುತ್ತದೆ, ಅದನ್ನು ನೋಡಿಕೊಂಡು ಮಾಡಿ.

ಇದು ಮುಗಿಯುವವರೆಗೆ ಹೊರಗೆ ಯುದ್ಧ ಬೇಡ.

ಮೆಡಿಟರೇನಿಯನ್ ಮೋಹಿ:

ಸೇನಾನಿಯವರ ಮಾತು ಬಹುಪಾಲು ಒಪ್ಪುತ್ತೇನೆ. ಒಂದೇ ತಕರಾರು. ದಕ್ಷಿಣ ಇಟಲಿಯನ್ನು ಅಷ್ಟು ಕಾಲ ಬಿಡಬಾರದು. ಗಿಸ್ಕಾರ್ಡ್ ಮನೆತನದವರು ಸುಮ್ಮನೆ ಕೂರುವ ಜನ ಅಲ್ಲ. 1071ರಲ್ಲಿ ಬೈಜಾಂಟಿಯಂನಿಂದ ಬಾರಿ ಪಟ್ಟಣವನ್ನು ಕಿತ್ತುಕೊಂಡವರು ಅವರೇ. ಹತ್ತು ವರ್ಷದ ಮೇಲೆ ಸಮುದ್ರ ದಾಟಿ ಎದುರು ತೀರದ ಡಿರ‍್ರಾಕಿಯಂಗೂ ಬಂದರು. ನೀವು ಈಜಿಪ್ಟ್‌ನಲ್ಲಿ ಇದ್ದಾಗ ಸಿಸಿಲಿಯ ಮೇಲೆ ಬಿದ್ದರೆ ಏನು ಮಾಡುತ್ತೀರಿ?

ಗಿಸ್ಕಾರ್ಡ್ ಮಕ್ಕಳಲ್ಲಿ ಜಾಗ ಸಿಗದೆ ಉಳಿದ ಒಬ್ಬ ತಮ್ಮ ಇದ್ದೇ ಇರುತ್ತಾನೆ. ಅವನಿಗೆ ಅಣ್ಣನ ಡಚಿಯ ಮೇಲೆ ಕ್ಲೇಮ್ ಇರುತ್ತದೆ. ನಿಮ್ಮ ಆಸ್ಥಾನಕ್ಕೆ ಕರೆಸಿಕೊಳ್ಳಿ. ಬಂದರೆ ಮೊದಲು ಒಂದು ಸಣ್ಣ ಕೌಂಟಿ ಕೊಟ್ಟು ವ್ಯಾಸಲ್ ಮಾಡಿಕೊಳ್ಳಿ, ಆಮೇಲೆ ಅವನ ಪರವಾಗಿ ಯುದ್ಧ ಹೂಡಿ. ಕೌಂಟಿ ಕೊಡದೆ ಗೆಲ್ಲಿಸಿದರೆ ಗೆದ್ದ ನೆಲ ತೆಗೆದುಕೊಂಡು ಅವನು ಸ್ವತಂತ್ರನಾಗಿ ಹೋಗಿಬಿಡಬಹುದು. ಕೊಟ್ಟು ಗೆಲ್ಲಿಸಿದರೆ ಡಚಿ ಸಮೇತ ನಿಮ್ಮ ಕೆಳಗೇ ಉಳಿಯುತ್ತಾನೆ.

ಇನ್ನೊಂದು ಮಾತು. ಗೆದ್ದ ನೆಲವನ್ನೆಲ್ಲ ಒಬ್ಬನೇ ದೊಡ್ಡ ರಾಜನ ಕೈಗೆ ಕೊಡಬೇಡಿ. ವ್ಯಾಸಲ್ ಮಿತಿ ತುಂಬಿತು ಅಂತ ಈಜಿಪ್ಟ್ ರಾಜ್ಯವನ್ನೇ ಒಬ್ಬನಿಗೆ ಕೊಟ್ಟರೆ, ಮುಂದಿನ ಪಟ್ಟಾಭಿಷೇಕದ ದಿನ ಫ್ಯಾಕ್ಷನ್ ಮುಂದಾಳು ಅವನೇ. ಡ್ಯೂಕ್‌ಗಳ ಮಟ್ಟಕ್ಕೇ ನಿಲ್ಲಿಸಿ, ಅಕ್ಕಪಕ್ಕದವರು ಬೇರೆ ಬೇರೆ ಮನೆತನದವರಾಗಿರಲಿ.

ನಕ್ಷೆಪ್ರಿಯ:

ಇಬ್ಬರಿಗೂ ತುಂಬ ಧನ್ಯವಾದ. ತಂಗಿಯ ಮದುವೆ ಮಾಡಿಸಿದೆ. ಒಂದು ಫ್ಯಾಕ್ಷನ್ ಒಡೆದೇ ಹೋಯಿತು! ಇನ್ನೊಂದರ ಬಲವೂ ಇಳಿದಿದೆ. ತಮ್ಮನನ್ನು ಕರೆಸುವ ಉಪಾಯ ನನಗೆ ಹೊಳೆದೇ ಇರಲಿಲ್ಲ, ಈಗ ಒಬ್ಬ ಸಿಕ್ಕಿದ್ದಾನೆ.

ಈಗ ಈಜಿಪ್ಟ್ ಯುದ್ಧದ ಬಗ್ಗೆ ಸ್ವಲ್ಪ ಹೇಳಿ. ಫಾತಿಮಿಡ್‌ಗಳ ಲೆವಿ ಎಣಿಕೆ ನೋಡಿದರೆ ಭಯವಾಗುತ್ತದೆ. ಅದೂ ಅಲ್ಲದೆ ಸೈಪ್ರಸ್‌ನಿಂದ ಹಡಗಿನಲ್ಲಿ ಹೋಗಿ ಇಳಿಯಬೇಕು.

ಥೀಮ್‌ಸೇನಾನಿ:

ಎಣಿಕೆ ನೋಡಿ ಹೆದರಬೇಡಿ. ಲೆವಿ ಎಂದರೆ ತಲೆ ಎಣಿಕೆ, ಅಷ್ಟೇ. ಯುದ್ಧ ಗೆಲ್ಲಿಸುವುದು ಮೆನ್ ಅಟ್ ಆರ್ಮ್ಸ್ (ಸಂಬಳದ ನುರಿತ ಪಡೆ), ನೈಟ್‌ಗಳು, ಒಳ್ಳೆಯ ಸೇನಾಪತಿ. ಸಮಯ ನೋಡಿ ಹೊಡೆಯುವುದು ಇವೆಲ್ಲಕ್ಕಿಂತ ಮುಖ್ಯ.

ಇದಕ್ಕೆ ಬೈಜಾಂಟಿಯಂನ ಹಳೆಯ ಸೇನಾಪತಿ ಬೆಲಿಸಾರಿಯಸ್‌ಗಿಂತ ಒಳ್ಳೆಯ ಗುರು ಇಲ್ಲ. 533ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಅವನನ್ನು ಸುಮಾರು 15,000 ಸೈನಿಕರ ಜೊತೆ ಉತ್ತರ ಆಫ್ರಿಕಾ ಆಳುತ್ತಿದ್ದ ವ್ಯಾಂಡಲರ ಮೇಲೆ ಕಳಿಸಿದ. ಆ ಹೊತ್ತಿಗೆ ವ್ಯಾಂಡಲ್ ರಾಜ ಗೆಲಿಮರ್ ತನ್ನ ಹಡಗುಪಡೆಯನ್ನೂ 5,000 ಜನರನ್ನೂ ಸಾರ್ಡೀನಿಯಾದ ದಂಗೆ ಅಡಗಿಸಲು ಕಳಿಸಿಬಿಟ್ಟಿದ್ದ. ಬೆಲಿಸಾರಿಯಸ್ ಸಿಸಿಲಿಯಲ್ಲಿ ನಿಂತು ದವಸ ತುಂಬಿಸಿಕೊಂಡ, ಈ ಸುದ್ದಿ ತಿಳಿದುಕೊಂಡ, ಅವರ ರಾಜಧಾನಿ ಕಾರ್ಥೇಜ್‌ನಿಂದ ದೂರದ ತೀರದಲ್ಲಿ ಯಾರ ಅಡ್ಡಿಯೂ ಇಲ್ಲದೆ ಇಳಿದ. ಅದೇ ವರ್ಷ ಕಾರ್ಥೇಜ್ ಅವನ ಕೈಗೆ ಬಂತು.

ನೀವೂ ಅದನ್ನೇ ಮಾಡಿ. ಫಾತಿಮಿಡ್ ಖಲೀಫನ ಚಿತ್ರದ ಮೇಲೆ ಒತ್ತಿ ಅವನು ಯಾವ ಯುದ್ಧದಲ್ಲಿ ಇದ್ದಾನೆ ಅಂತ ಆಗಾಗ ನೋಡುತ್ತಿರಿ. ಸೆಲ್ಜುಕ್‌ಗಳ ಜೊತೆಗೋ ಸ್ವಂತ ವ್ಯಾಸಲ್‌ಗಳ ಜೊತೆಗೋ ಸಿಕ್ಕಿಕೊಂಡ ದಿನ ಹೋಲಿ ವಾರ್ ಸಾರಿ. ಸೇನೆಯನ್ನು ಮೊದಲೇ ಸೈಪ್ರಸ್‌ನಲ್ಲಿ ಒಟ್ಟು ಮಾಡಿಟ್ಟಿರಿ. ಹಡಗು ಹತ್ತಲು ಚಿನ್ನ ಬೇಕು, ಖಜಾನೆ ಖಾಲಿ ಇಟ್ಟುಕೊಂಡು ಹೊರಡಬೇಡಿ. ಶತ್ರು ಸೇನೆಯ ಎದುರಿಗೇ ಇಳಿಯಬೇಡಿ. ಆಗಷ್ಟೇ ಹಡಗಿನಿಂದ ಇಳಿದ ಸೇನೆಗೆ ಯುದ್ಧದಲ್ಲಿ ಭಾರೀ ಹಿನ್ನಡೆ ಇರುತ್ತದೆ, ಎರಡು ಪಟ್ಟು ಜನ ಇದ್ದರೂ ಸೋಲಬಹುದು. ದೂರ ಇಳಿದು, ಕೆಲವು ವಾರ ಕಳೆದು ಹೋಗಿ.

ಮರುಭೂಮಿಯಲ್ಲಿ ಇಡೀ ಸೇನೆಯನ್ನು ಒಂದೇ ಕಡೆ ಕೂರಿಸಬೇಡಿ. ಆ ನೆಲ ಅಷ್ಟು ಜನರಿಗೆ ಅನ್ನ ಹಾಕುವುದಿಲ್ಲ. ಸಪ್ಲೈ ಮುಗಿದ ಮೇಲೆ ಪ್ರತಿ ತಿಂಗಳೂ ಸೈನಿಕರು ಸಾಯುತ್ತಾರೆ. ಸೇನೆಯನ್ನು ಎರಡು ಮೂರು ಭಾಗ ಮಾಡಿ ಬೇರೆ ಬೇರೆ ಕೋಟೆಗೆ ಮುತ್ತಿಗೆ ಹಾಕಿ. ಶತ್ರು ಹತ್ತಿರ ಬಂದಾಗ ಮಾತ್ರ ಕೂಡಿಸಿ. ಕೋಟೆ ಒಡೆಯುವ ಯಂತ್ರಗಳ ಒಂದು ತುಕಡಿ ಪ್ರತಿ ಭಾಗದಲ್ಲೂ ಇರಲಿ, ಅದಿಲ್ಲದೆ ಒಂದು ಮುತ್ತಿಗೆಯೇ ವರ್ಷ ನುಂಗುತ್ತದೆ. ರಾಜಧಾನಿ ಬಿದ್ದಾಗ ಒಳಗೆ ಖಲೀಫನ ಮಗ ಸಿಕ್ಕಿಬಿದ್ದರೆ ಯುದ್ಧ ಅಲ್ಲಿಗೇ ಬಹುತೇಕ ಮುಗಿದ ಹಾಗೆ.

ಗೆದ್ದ ಮೇಲೆ ಐದು ವರ್ಷ ಟ್ರೂಸ್ (ಕದನವಿರಾಮ) ಇರುತ್ತದೆ. ಅದನ್ನು ಮುರಿಯಬೇಡಿ. ಆ ಐದು ವರ್ಷವೇ ಹೊಸ ನೆಲ ಅರಗಿಸಿಕೊಳ್ಳುವ ಕಾಲ. ಮಾರ್ಷಲ್‌ನನ್ನು ಹೊಸ ಕೌಂಟಿಗಳಲ್ಲಿ ಹಿಡಿತ ಹೆಚ್ಚಿಸಲು ಕೂರಿಸಿ. ಜಸ್ಟಿನಿಯನ್ ಇಟಲಿಯನ್ನು ಗೆಲ್ಲಲು 535ರಿಂದ 554ರವರೆಗೆ ಯುದ್ಧ ನಡೆಸಿದ, ನಡುವೆ ಪ್ಲೇಗ್ ಬೇರೆ. ಬರೀ 14 ವರ್ಷ ಕಳೆಯುವಷ್ಟರಲ್ಲಿ, 568ರಲ್ಲಿ, ಲೊಂಬಾರ್ಡ್‌ಗಳು ಆಲ್ಪ್ಸ್ ದಾಟಿ ಬಂದರು. ಹಾಳಾಗಿದ್ದ ನೆಲದಲ್ಲಿ ತಡೆಯುವವರೇ ಇರಲಿಲ್ಲ.

ಪಂಚಪೀಠ:

ಯಾರೂ ಹೇಳದ ಒಂದು ವಿಷಯ ಸೇರಿಸುತ್ತೇನೆ. ಕಾನ್‌ಸ್ಟಂಟಿನೋಪಲ್, ಅಂತಿಯೋಕ್ ನಿಮ್ಮ ಹತ್ತಿರ ಈಗಾಗಲೇ ಇವೆ. ಜೆರುಸಲೇಮ್, ಅಲೆಕ್ಸಾಂಡ್ರಿಯಾ, ರೋಮ್ ಸೇರಿದರೆ ಕ್ರೈಸ್ತ ಧರ್ಮದ ಹಳೆಯ ಐದು ಪೀಠಗಳೂ ಒಂದೇ ಕೈಗೆ ಬರುತ್ತವೆ. ಆಗ ಕ್ಯಾಥೊಲಿಕ್, ಆರ್ಥಡಾಕ್ಸ್ ಪಂಥಗಳ ನಡುವಿನ 1054ರ ಒಡಕನ್ನು ಸರಿಪಡಿಸುವ ಡಿಸಿಷನ್ ಹತ್ತಿರವಾಗುತ್ತದೆ. ಅದಕ್ಕೆ ಪಯಟಿ ಬೇಕು. ಹೋಲಿ ವಾರ್‌ಗಳಲ್ಲಿ ಪಯಟಿಯನ್ನೆಲ್ಲ ಸುರಿದುಬಿಡಬೇಡಿ, ಒಂದಿಷ್ಟು ಉಳಿಸುತ್ತಾ ಹೋಗಿ.

ಮತ್ತೆ, ಈಜಿಪ್ಟ್ ಸಿಕ್ಕ ತಕ್ಷಣ ಎಲ್ಲ ಕೌಂಟಿಗಳ ಧರ್ಮ, ಸಂಸ್ಕೃತಿ ಬದಲಿಸಲು ಹೊರಡಬೇಡಿ. ಧರ್ಮಗುರು ಒಂದು ಸಲಕ್ಕೆ ಒಂದೇ ಕೌಂಟಿ ಮಾಡಬಲ್ಲ. ಅಲೆಕ್ಸಾಂಡ್ರಿಯಾದಿಂದ ಶುರು ಮಾಡಿ. ಉಳಿದ ಕಡೆ ಜನರ ಧರ್ಮದವರನ್ನೇ ಸಣ್ಣ ಕೌಂಟ್‌ಗಳಾಗಿ ಕೂರಿಸಿದರೆ ರೈತರ ದಂಗೆ ಕಡಿಮೆ.

ನಕ್ಷೆಪ್ರಿಯ:

ಸರಿ, ಹಾಗಾದರೆ ತಮ್ಮನ ಯುದ್ಧ ಮೊದಲು, ಅದು ಚಿಕ್ಕದು. ಅಷ್ಟರೊಳಗೆ ಧರ್ಮಗುರು ರೋಮ್ ಕೌಂಟಿಯ ಕ್ಲೇಮ್ ಮೇಲೆ ಇರುತ್ತಾನೆ. ಖಲೀಫನ ವ್ಯಾಸಲ್‌ಗಳು ಎದ್ದ ಕೂಡಲೇ ಸೈಪ್ರಸ್‌ನಿಂದ ಹೊರಡುತ್ತೇನೆ. ಸೇನಾನಿಯವರೇ, ಕೋಟೆ ಒಡೆಯುವ ತುಕಡಿ ನನ್ನಲ್ಲಿ ಒಂದೇ ಇದೆ. ಇನ್ನೊಂದಕ್ಕೆ ಚಿನ್ನ ಕೂಡಿಸುವುದೋ, ಅಥವಾ ಅದೇ ಚಿನ್ನದಲ್ಲಿ ಭಾರೀ ಕುದುರೆ ಪಡೆ ಹೆಚ್ಚಿಸುವುದೋ?

ಥೀಮ್‌ಸೇನಾನಿ:

ಮುತ್ತಿಗೆ ತುಕಡಿಯೇ. ನೈಲ್ ಮುಖಜಭೂಮಿಯಲ್ಲಿ ಕೋಟೆಗಳು ಒತ್ತೊತ್ತಾಗಿವೆ. ಕುದುರೆ ಪಡೆ ಒಂದೆರಡು ಯುದ್ಧ ಗೆಲ್ಲಿಸುತ್ತದೆ, ಆಮೇಲೆ ಗೋಡೆ ಮುಂದೆ ಸುಮ್ಮನೆ ಸಂಬಳ ತಿನ್ನುತ್ತದೆ. ಇಟಲಿಗೆ ಹೋಗುವಾಗಲೂ ಆ ಯಂತ್ರಗಳೇ ಬೇಕು.