ಡೆಬಿಯನ್ 12ರಲ್ಲಿ ಓಪನ್‌ಎಸ್‌ಎಸ್‌ಎಚ್ 9.2: ದೋಷ ಉಳಿದಿದೆಯೇ, ಸರಿಯಾಗಿದೆಯೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಕಚೇರಿಯ ಡೆಬಿಯನ್ 12 (ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ) ಸರ್ವರ್‌ನ ಭದ್ರತಾ ತಪಾಸಣೆಗೆ ಬಂದವರು ಎರಡು ಆಕ್ಷೇಪಗಳನ್ನು ಬರೆದಿಟ್ಟು ಹೋಗಿದ್ದಾರೆ. ದೂರದಿಂದ ಸರ್ವರ್ ಒಳಗೆ ಸುರಕ್ಷಿತವಾಗಿ ಪ್ರವೇಶಿಸಲು ಬಳಸುವ ಓಪನ್‌ಎಸ್‌ಎಸ್‌ಎಚ್ 9.8ಕ್ಕಿಂತ ಹಿಂದಿನದಾದ್ದರಿಂದ 2024ರ ಜುಲೈನಲ್ಲಿ ಬಯಲಾದ 'ರಿಗ್ರೆಶನ್' ದೋಷ, ಅಂದರೆ ಸಿವಿಇ-2024-6387 (ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದರ ಸಂಖ್ಯೆ), ಅದರಲ್ಲಿದೆ ಎಂಬುದು ಒಂದು. ಅಗತ್ಯವಿಲ್ಲದ ಅಪಾಚೆ ವೆಬ್ ಸರ್ವರ್ ತಂತ್ರಾಂಶ ಇನ್ನೂ ಇದೆ ಎಂಬುದು ಇನ್ನೊಂದು. ಅಪಾಚೆಯನ್ನು ಕಳೆದ ವರ್ಷ ನಾನೇ ತೆಗೆದುಹಾಕಿದ್ದೇನೆ, ಆದರೂ ಪ್ಯಾಕೇಜ್‌ಗಳನ್ನು (ಕಂತೆಕಟ್ಟಿದ ತಂತ್ರಾಂಶಗಳನ್ನು) ತೋರಿಸುವ 'ಡಿಪಿಕೆಜಿ -ಎಲ್' ಪಟ್ಟಿಯಲ್ಲಿ ಅದರ ಹೆಸರು ಬರುತ್ತಿದೆ. 'ಎಸ್‌ಎಸ್‌ಎಚ್ -ವಿ' ಎಂದು ಕೇಳಿದರೆ 9.2ಪಿ1 ಎನ್ನುತ್ತದೆ, 'ಆಪ್ಟ್ ಅಪ್‌ಗ್ರೇಡ್' ಕೊಟ್ಟರೆ ಹೊಸದೇನೂ ಇಲ್ಲ ಎನ್ನುತ್ತದೆ. ಯಾವುದನ್ನು ನಂಬಿ ಉತ್ತರ ಬರೆಯಲಿ?

ಉತ್ತರ 1:
ಅಪಾಚೆಯ ವಿಷಯ ಸುಲಭ. ಆ ಪಟ್ಟಿಯಲ್ಲಿ ಪ್ರತಿ ಸಾಲಿನ ಆರಂಭದ ಎರಡು ಅಕ್ಷರಗಳನ್ನು ನೋಡಿ. 'ಐಐ' ಎಂದಿದ್ದರೆ ಪ್ಯಾಕೇಜ್ ಇದೆ. 'ಆರ್‌ಸಿ' ಎಂದಿದ್ದರೆ ಪ್ಯಾಕೇಜ್ ಹೋಗಿದೆ, ಅದರ ಸಂರಚನಾ ಕಡತಗಳು ಮಾತ್ರ ಉಳಿದಿವೆ. ತಪಾಸಣೆಯವರು ಬಹುಶಃ ಹೆಸರಷ್ಟನ್ನೇ ಓದಿದ್ದಾರೆ. ಹಳೆಯ ಸಂರಚನೆ ಬೇಡವಾದರೆ 'ಆಪ್ಟ್ ಪರ್ಜ್' ಮಾಡಿ ಪೂರ್ತಿ ಅಳಿಸಿ, ಬೇಕಾದರೆ ಮೊದಲು ನಕಲು ತೆಗೆದಿಟ್ಟುಕೊಳ್ಳಿ.

ಉತ್ತರ 2:
ಓಪನ್‌ಎಸ್‌ಎಸ್‌ಎಚ್ ವಿಷಯದಲ್ಲಿ 9.2 ಎಂಬ ಅಂಕಿಯೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಡೆಬಿಯನ್ನಿನ ಸ್ಥಿರ ಆವೃತ್ತಿಯಲ್ಲಿ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸದೆ, ದೋಷ ಸರಿಪಡಿಸುವ ತೇಪೆಯನ್ನಷ್ಟೇ ಹಳೆಯ ಆವೃತ್ತಿಗೆ ಹಾಕುವುದು ವಾಡಿಕೆ. ಈ ದೋಷಕ್ಕೆ ತೇಪೆ ಬಿದ್ದ ಪ್ಯಾಕೇಜ್‌ನ ಪೂರ್ತಿ ಆವೃತ್ತಿ '1:9.2ಪಿ1-2+ಡೆಬ್12ಯು3'. ಹೈಫನ್‌ಗಿಂತ ಮೊದಲು ಬರುವ 9.2ಪಿ1 ಮೂಲ ತಂಡದ ಅಂಕಿ, ನಂತರ ಬರುವುದು ಡೆಬಿಯನ್ನಿನದು. ನೀವು ನೋಡಬೇಕಾದದ್ದು ಕೊನೆಯ 'ಯು3' ಅಥವಾ ಅದಕ್ಕಿಂತ ಮುಂದಿನದು. (2006ರಲ್ಲೇ ಮುಚ್ಚಿದ್ದ ರಂಧ್ರ 8.5ಪಿ1ರಲ್ಲಿ ಮತ್ತೆ ತೆರೆದುಕೊಂಡಿತ್ತು, 'ರಿಗ್ರೆಶನ್' (ಹಿಂದಿನ ಸ್ಥಿತಿಗೆ ಮರಳುವುದು) ಎಂಬ ಹೆಸರು ಬಂದದ್ದು ಅದರಿಂದಲೇ.)

'ಎಸ್‌ಎಸ್‌ಎಚ್ -ವಿ' ಹೇಳುವುದು ಸಂಪರ್ಕ ಕೋರುವ ತುದಿಯ ಪ್ರೋಗ್ರಾಂ, ಅಂದರೆ ಕ್ಲೈಂಟ್‌ನ ಆವೃತ್ತಿಯನ್ನು. ಸರ್ವರ್‌ಗಾಗಿ 'ಆಪ್ಟ್ ಪಾಲಿಸಿ ಓಪನ್‌ಎಸ್‌ಎಸ್‌ಎಚ್-ಸರ್ವರ್' ಎಂದು ಕೇಳಿದರೆ ಸ್ಥಾಪಿತ ಆವೃತ್ತಿ, ಲಭ್ಯವಿರುವ ಆವೃತ್ತಿ ಎರಡೂ ಒಂದರ ಕೆಳಗೊಂದು ಬರುತ್ತವೆ. ಆದರೆ ಅದಕ್ಕೂ ಮೊದಲು 'ಆಪ್ಟ್ ಅಪ್‌ಡೇಟ್' ಮಾಡಿ ಲಭ್ಯ ಪ್ಯಾಕೇಜ್‌ಗಳ ಪಟ್ಟಿಯನ್ನು ತಾಜಾ ಮಾಡಿಕೊಳ್ಳಿ, ಭದ್ರತಾ ತೇಪೆಗಳು ಬರುವ ಭಂಡಾರದ ಸಾಲು ಪ್ಯಾಕೇಜ್ ಮೂಲಗಳ ಪಟ್ಟಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಆ ಸಾಲೇ ಇಲ್ಲದ ಯಂತ್ರವೂ 'ಹೊಸದೇನೂ ಇಲ್ಲ' ಎಂದೇ ಹೇಳುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಭದ್ರತಾ ಭಂಡಾರದ ಸಾಲು ಇದೆ. ಅಪ್‌ಡೇಟ್ ಮಾಡಿ ನೋಡಿದಾಗ ಸ್ಥಾಪಿತ, ಲಭ್ಯ ಎಂಬ ಎರಡೂ ಸಾಲುಗಳಲ್ಲಿ ಒಂದೇ ಆವೃತ್ತಿ ಬಂತು, ಅದು ಯು3ನ್ನು ದಾಟಿದೆ. ಅಪಾಚೆಯ ಮುಂದೆ 'ಆರ್‌ಸಿ' ಎಂದೇ ಇದೆ. ಇಷ್ಟು ತೋರಿಸಿದರೆ ಸಾಕೇ?

ಉತ್ತರ 3:
ಪ್ಯಾಕೇಜ್ ಜೊತೆಗೆ ಬರುವ ಬದಲಾವಣೆಗಳ ದಾಖಲೆಯಲ್ಲಿ 'ಝಡ್‌ಗ್ರೆಪ್'ನಿಂದ 6387 ಎಂದು ಹುಡುಕಿ, ಸಿಕ್ಕ ಸಾಲನ್ನು ಉತ್ತರಕ್ಕೆ ಲಗತ್ತಿಸಿ. ಅಂಕಿಗಳ ವಾದಕ್ಕಿಂತ ಅದು ಬೇಗ ಒಪ್ಪಿಗೆಯಾಗುತ್ತದೆ. ಇನ್ನೆರಡು ಮಾತು: 'ಡಿಪಿಕೆಜಿ' ತಾನು ಹಾಕಿದ್ದನ್ನು ಮಾತ್ರ ಬಲ್ಲದು, ಯಾರಾದರೂ ಮೂಲದಿಂದ ಕಂಪೈಲ್ ಮಾಡಿ 'ಯುಎಸ್‌ಆರ್ ಲೋಕಲ್' ಕಡತಕೋಶದ ಒಳಗೆ ಇಟ್ಟಿದ್ದರೆ ಅದು ಪಟ್ಟಿಗೆ ಬರುವುದಿಲ್ಲ. ಹಾಗೆಯೇ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಓಪನ್‌ಎಸ್‌ಎಸ್‌ಎಲ್‌ನಂಥ ಲೈಬ್ರರಿಯನ್ನು ನವೀಕರಿಸಿದ ಮೇಲೂ, ಅದಕ್ಕೂ ಮುಂಚೆ ಶುರುವಾದ ಪ್ರೋಗ್ರಾಂ ಮರುಪ್ರಾರಂಭವಾಗುವವರೆಗೆ ಹಳೆಯದನ್ನೇ ಮೆಮೊರಿಯಲ್ಲಿ ಹಿಡಿದುಕೊಂಡಿರುತ್ತದೆ. 'ನೀಡ್‌ರೀಸ್ಟಾರ್ಟ್' ಎಂಬ ಪ್ಯಾಕೇಜ್ ಹಾಕಿಕೊಂಡರೆ ಅಂಥವು ಯಾವುವು ಎಂದು ಅದೇ ಪಟ್ಟಿ ಕೊಡುತ್ತದೆ.