ಗಾಂಧಿನಗರದಲ್ಲಿ ಕುಳಿತ ಬುದ್ಧ

"ಗಾಂಧಿನಗರದಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಗುವುದಿಲ್ಲ, ಇನ್ನು ಶಾಂತಿ ಎಲ್ಲಿಂದ ಸಿಗಬೇಕು?" ಎಂದರು ಶೀನಣ್ಣ.

"ಕಾಳಿದಾಸ ರಸ್ತೆಯ ಮಹಾಬೋಧಿ ಸೊಸೈಟಿಗೆ ಹೋಗಿ ಬಂದ ಮೇಲೂ ಹೀಗೆ ಕೇಳುತ್ತೀರಲ್ಲ!" ಮೇಷ್ಟರಿಗೆ ರೇಗಿತು. "ಇಂಫಾಲದಲ್ಲಿ ಹುಟ್ಟಿದ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ, ದೇಶವೆಲ್ಲ 2500ನೆಯ ಬುದ್ಧ ಜಯಂತಿ ಆಚರಿಸುತ್ತಿದ್ದಾಗ ಕಟ್ಟಿದ ಸಂಸ್ಥೆ. ಮೆಜೆಸ್ಟಿಕ್‌ನಿಂದ ನಡೆದೇ ಹೋಗಬಹುದು."

ಪುಟ್ಟಸ್ವಾಮಿ ಆಯುಷ್ಯವೆಲ್ಲ ಅದೇ ಪೇಟೆಯ ಸಿನಿಮಾ ಹಂಚಿಕೆದಾರರ ಕಚೇರಿಯಲ್ಲಿ ಲೆಕ್ಕ ಬರೆದವನು. "ಮಹಾಬೋಧಿ ಎಂದರೆ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡ್ ಎಂದೇ ತಿಳಿದಿದ್ದೆ" ಎಂದ.

"ಅದಕ್ಕೂ ಇವರದೇ ನೆರವು."

ಶೀನಣ್ಣ ಅಂದು ಬರಿಗೈಯಲ್ಲಿ ಬಂದಿರಲಿಲ್ಲ. ತೆಂಗಿನಕಾಯಿ, ಬಾಳೆಹಣ್ಣು, ಕರ್ಪೂರ ಎಲ್ಲವೂ ಚೀಲದಲ್ಲಿದ್ದವು. ಒಳಗೆ ಹೋದರೆ ಚೀಟಿ ಕೊಡುವ ಕಿಂಡಿ ಇಲ್ಲ, ತೀರ್ಥದ ಬಟ್ಟಲಿಲ್ಲ. ಗತಿಯಿಲ್ಲದೆ ಕಾವಿ ಹೊದ್ದ ಭಿಕ್ಷುವೊಬ್ಬರ ಬಳಿ ಸಾರಿ, "ಸ್ವಾಮಿ, ಅರ್ಚನೆ ಮಾಡಿಸಬೇಕಿತ್ತು. ಸಿಂಹ ರಾಶಿ, ಮಖಾ ನಕ್ಷತ್ರ" ಎಂದರು. ಭಿಕ್ಷು ನಕ್ಕು, "ಕುಳಿತುಕೊಳ್ಳಿ" ಎಂದರು, ಅಷ್ಟೇ. ನೆಲದ ಮೇಲೆ ಕುಳಿತಾಗ ಶೀನಣ್ಣನ ಮೊಣಕಾಲು ಮಾಡಿದ ಸದ್ದಿಗೆ ಕಣ್ಣು ಮುಚ್ಚಿದ್ದವರಲ್ಲಿ ಇಬ್ಬರು ಕಣ್ಣು ತೆರೆದರು. ಧ್ಯಾನಕ್ಕೆ ಅಷ್ಟು ಭಂಗ ತಂದದ್ದನ್ನು ಬಿಟ್ಟರೆ ಅವರು ಚೆನ್ನಾಗಿಯೇ ಕುಳಿತರು ಎನ್ನಬೇಕು. ಕಾಯಿ ಮಾತ್ರ ಒಡೆಯದೆ ಮನೆಗೆ ಮರಳಿ ಚಟ್ನಿಯಾಯಿತು.

"ಪ್ರಸಾದವೂ ಇಲ್ಲವಲ್ಲ!" ಶೀನಣ್ಣನ ನಿಜವಾದ ದುಃಖ ಈಗ ಹೊರಬಿತ್ತು.

"ಅಲ್ಲಿಯದು ಥೇರವಾದ, ಬೌದ್ಧರ ಹಳೆಯ ಪಂಥ. ಭಿಕ್ಷುಗಳು ಮಧ್ಯಾಹ್ನ ಕಳೆದ ಮೇಲೆ ಊಟವನ್ನೇ ಮಾಡುವುದಿಲ್ಲ" ಎಂದರು ಮೇಷ್ಟರು. "ಹುಣ್ಣಿಮೆಯಂಥ ಉಪೋಸಥದ, ಎಂದರೆ ವ್ರತದ, ದಿನಗಳಲ್ಲಿ ಗೃಹಸ್ಥರೂ ಅಷ್ಟಶೀಲ ಎಂಬ ಎಂಟು ನಿಯಮ ಹಿಡಿಯುತ್ತಾರೆ. ಮಧ್ಯಾಹ್ನದ ನಂತರ ಊಟವಿಲ್ಲ. ನೃತ್ಯ, ಗೀತ, ವಾದ್ಯ, ಆಟನೋಟಗಳಿಲ್ಲ. ಎತ್ತರದ ಮೆತ್ತನೆಯ ಹಾಸಿಗೆಯೂ ಇಲ್ಲ."

"ನೋಟವೂ ಇಲ್ಲವೇ?" ಪುಟ್ಟಸ್ವಾಮಿ ಹೌಹಾರಿದ. "ಗಾಂಧಿನಗರದಲ್ಲಿ ಕುಳಿತು ಸಿನಿಮಾ ಬೇಡ ಎನ್ನುವುದು ಚಿಕ್ಕಪೇಟೆಯಲ್ಲಿ ಕುಳಿತು ಸೀರೆ ಬೇಡ ಎಂದಂತಲ್ಲವೇ? ನಮ್ಮ ಯಜಮಾನರ ಕಿವಿಗೆ ಬಿದ್ದಿದ್ದರೆ ಎದೆಯೊಡೆದುಕೊಳ್ಳುತ್ತಿದ್ದರು."

"ನಿಮ್ಮ ಯಜಮಾನರು ಹಂಚಿದ ಚಿತ್ರಗಳನ್ನು ನೋಡದಿರುವುದಕ್ಕೆ ಶೀಲವೇನೂ ಬೇಕಿರಲಿಲ್ಲ."

ಶೀನಣ್ಣ ಇವರ ಜಗಳಕ್ಕೆ ಕಿವಿಗೊಡದೆ ಬೆರಳು ಮಡಿಸುತ್ತಿದ್ದರು. "ಮೇಷ್ಟರೇ, ಮಧ್ಯಾಹ್ನದೊಳಗೆ ಎಷ್ಟು ಸಲ ತಿನ್ನಬಹುದು?"

"ಗೃಹಸ್ಥರಿಗೆ ಆ ಲೆಕ್ಕವನ್ನು ಎಲ್ಲೂ ಹೇಳಿದಂತಿಲ್ಲ."

"ಹಾಗಾದರೆ ಬರುವ ಹುಣ್ಣಿಮೆಗೆ ನಾನು ಸಿದ್ಧ. ಏಳಕ್ಕೆ ಇಡ್ಲಿ, ಒಂಬತ್ತಕ್ಕೆ ದೋಸೆ, ಹನ್ನೊಂದಕ್ಕೆ ಊಟ."

"ಆಮೇಲೆ ಧ್ಯಾನವೋ?"

"ಆಮೇಲೆ ನಿದ್ದೆ. ಶೀಲ ಕೆಡಬಾರದು ನೋಡಿ, ಚಾಪೆಯ ಮೇಲೆಯೇ ಮಲಗುತ್ತೇನೆ."