ತೋಟದ 110 ಸಿಸಿ ಎಟಿವಿಗೆ ದೊಡ್ಡ ಬೋರ್ ಬ್ಲಾಕ್: ಯಾವುದು ಹಾಕೋದು?

ಕೇಳಿದವರು: ತೋಟಿಗ, ಶಿರಸಿ

ತೋಟದಿಂದ ಅಂಗಳಕ್ಕೆ ಅಡಿಕೆ ಕೊನೆ, ಬೆಟ್ಟದಿಂದ ಸೊಪ್ಪು, ದರಕು (ಒಣ ತರಗೆಲೆ) ತರೋದಕ್ಕೆ 110 ಸಿಸಿ ಎಟಿವಿ (ನಾಲ್ಕು ದಪ್ಪ ಚಕ್ರದ ಗಾಡಿ) ಇದೆ. ಹಿಂದೆ ಸಣ್ಣ ಟ್ರಾಲಿ. ಏರ್ ಕೂಲ್ಡ್, ಅಡ್ಡ ಮಲಗಿದ ಸಿಲಿಂಡರ್, ಮುಂದಕ್ಕೆ ಮೂರು ಗೇರ್, ಒಂದು ರಿವರ್ಸ್. ಲೋಡ್ ಇದ್ದರೆ ಏರಿನಲ್ಲಿ ಎಳೆಯೋದಿಲ್ಲ, ನೀಲಿ ಹೊಗೆಯೂ ಶುರುವಾಗಿದೆ. ಹೇಗೂ ಬಿಚ್ಚೋದೇ ಆದರೆ ದೊಡ್ಡ ಬೋರಿನ (ಪಿಸ್ಟನ್ ಆಡುವ ತೂತಿನ ಅಗಲ) ಬ್ಲಾಕ್, ಅಂದರೆ ಸಿಲಿಂಡರ್, ಹಾಕಿಬಿಡೋಣ ಅಂತ. 54 ಎಂಎಂ, 56 ಎಂಎಂ ಎರಡೂ ಕಿಟ್ ಸಿಗ್ತಿವೆ. ತೋಟದ ಕೆಲಸಕ್ಕೆ ಯಾವುದು ಬಾಳಿಕೆ ಬರ್ತದೆ? ಬಲ್ಲವರು ಹೇಳಿ.

ಗ್ಯಾರೇಜ್, ಕುಮಟಾ

ಕಿಟ್ ಆರ್ಡರ್ ಮಾಡೋ ಮೊದಲು ಹೊಗೆ ಎಲ್ಲಿಂದ ಬರ್ತಿದೆ ನೋಡಿ ಮಾರಾಯ್ರೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ ಅಂದು ನಿಂತರೆ ಅದು ವಾಲ್ವ್ ಸೀಲ್. ಏರಿನಲ್ಲಿ ಎಳೆಯುವಾಗ ಬಿಡದೆ ಹೊಗೆ ಹೊಡೆದರೆ ಪಿಸ್ಟನ್ ರಿಂಗ್, ಬೋರ್ ಸವೆತ. ಕಂಪ್ರೆಷನ್ ಗೇಜ್ (ಸಿಲಿಂಡರಿನ ಒತ್ತಡ ಅಳೆಯುವ ಮೀಟರ್) ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಸೆಲ್ಫ್ ಹೊಡೆಯಿರಿ. ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯೋದು ಎಲ್ಲರಿಗೂ ಗೊತ್ತು. ಆದರೆ ಈ ಎಂಜಿನ್‌ನ ಸಿಲಿಂಡರ್ ಮಲಗಿರೋದರಿಂದ ಆಯಿಲ್ ಎಲ್ಲ ಕೆಳಬದಿಗೇ ನಿಲ್ತದೆ, ರಿಂಗಿನ ಸುತ್ತ ಹರಡೋದಿಲ್ಲ, ಲೆಕ್ಕ ತಪ್ತದೆ. ಮುಂದಿನ ಚಕ್ರ ಎರಡೂ ಆದಷ್ಟು ಎತ್ತರಕ್ಕೆ ಎತ್ತಿ ಕಟ್ಟಿ, ಹೆಡ್ ಮೇಲ್ಮುಖ ಆಗಲಿ, ಆಮೇಲೆ ಬಿಡಿ. ಒತ್ತಡ ಚೆನ್ನಾಗಿ ಏರಿದರೆ ರಿಂಗ್, ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಕೂರ್ತಾ ಇಲ್ಲ. ಹೊಸ ಬ್ಲಾಕ್ ಹಾಕಿದರೂ ಪಿಕಪ್ ಬರೋದಿಲ್ಲ.

ಇನ್ನು ಲೆಕ್ಕ. ಈ ಜಾತಿಯ 110 ಎಂಜಿನ್‌ಗಳಲ್ಲಿ ಹೆಚ್ಚಿನವು 52.4 ಎಂಎಂ ಬೋರ್, 49.5 ಎಂಎಂ ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಅಂದರೆ 106.7 ಸಿಸಿ. 54 ಹಾಕಿದರೆ 113.4 ಸಿಸಿ, ಶೇ 6 ಹೆಚ್ಚು, ಅಷ್ಟೇ. 56ಕ್ಕೆ 121.9 ಸಿಸಿ, ಶೇ 14. ಹೆಡ್ ಅದೇ ಇಟ್ಟರೆ ಕಂಪ್ರೆಷನ್ನೂ ಏರ್ತದೆ. ಈಗ 9:1 ಅಂತ ಹಿಡಿದರೆ ಹೆಡ್ಡಿನ ಜಾಗ 13.3 ಸಿಸಿ, 54ಕ್ಕೆ ಕಂಪ್ರೆಷನ್ ಸುಮಾರು 9.5:1, 56ಕ್ಕೆ 10.1:1. ಪಿಸ್ಟನ್ ತಲೆ ಉಬ್ಬಿದ್ದರೆ ಇನ್ನೂ ಮೇಲೆ. ಗಾಳಿಯಲ್ಲೇ ತಣಿಯಬೇಕಾದ ಎಂಜಿನ್, ಲೋಡ್ ಹೊತ್ತು ನಡಿಗೆಯ ವೇಗದಲ್ಲಿ ಏರು ಹತ್ತುವಾಗ ಗಾಳಿ ಎಲ್ಲಿಂದ ಬರಬೇಕು? ನಾಕಿಂಗ್ (ಇಂಧನ ತಾನಾಗಿ ಸಿಡಿದು ಬರುವ ಕಟಕಟ ಸದ್ದು) ಶುರುವಾಗೋದು ಅಲ್ಲೇ. ತೋಟಕ್ಕೆ ತಲೆ ಚಪ್ಪಟೆ ಇರುವ ಪಿಸ್ಟನ್ನೇ ಕೇಳಿ.

ಲೇತ್ ಕೆಲಸ, ಕಾರವಾರ

56ರ ಕಿಟ್ ಅಂದಾಗ ಮೊದಲು ಕೇಳಬೇಕಾದ್ದು ಬೋರ್ ಅಲ್ಲ, ಬ್ಲಾಕಿನ ಕೆಳಗೆ ಕೇಸಿನೊಳಗೆ ಇಳಿಯುವ ಲೈನರ್ (ಬೋರಿನ ಒಳ ಕೊಳವೆ) ಬಾಲದ ಹೊರ ಅಳತೆ. ಅದು ಕ್ರ್ಯಾಂಕ್ ಕೇಸಿನ ಬಾಯಿಗಿಂತ ದಪ್ಪ ಇದ್ದರೆ ಬಾಯಿ ದೊಡ್ಡದು ಮಾಡಿಸಬೇಕು. ಅದಕ್ಕೆ ಎಂಜಿನ್ ಇಳಿಸಿ, ಕ್ರ್ಯಾಂಕ್ ತೆಗೆದು, ಕೇಸಿನ ಎರಡೂ ಭಾಗ ಬೋಲ್ಟ್ ಹಾಕಿ ಜೋಡಿಸಿಯೇ ಕಟ್ ಮಾಡಬೇಕು. ಬಿಚ್ಚದೆ, ಒಳಗೆ ಬಟ್ಟೆ ತುರುಕಿ ಗ್ರೈಂಡರ್ ಆಡಿಸುವವರಿದ್ದಾರೆ. ಅಲ್ಯೂಮಿನಿಯಂ ಪುಡಿ ನೇರ ಬೇರಿಂಗಿಗೆ ಹೋಗ್ತದೆ. ಬಾಯಿ ದೊಡ್ಡದು ಮಾಡೋದು ಬೇಡ ಅಂತ ಬಾಲವನ್ನೇ ತೆಳ್ಳಗೆ ಮಾಡಿದ ಬ್ಲಾಕೂ ಬರ್ತವೆ. 56 ಬೋರಿಗೆ ಗೋಡೆ ಒಂದೂವರೆ ಎಂಎಂ ಉಳಿದಿದ್ದರೆ ಬಿಸಿಗೆ ಅಂಡಾಕಾರ ಆಗ್ತದೆ, ಹೊಸ ರಿಂಗೂ ಹೊಗೆ ಬಿಡ್ತದೆ. ಎರಡು ಎಂಎಂಗಿಂತ ಕಡಿಮೆ ಇದ್ದರೆ ವಾಪಸ್ ಕೊಡಿ.

ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ನೂ ಅಷ್ಟೇ. 13 ಎಂಎಂ ಇದೆ, 14 ಇದೆ. ಕನೆಕ್ಟಿಂಗ್ ರಾಡಿನ ಕಣ್ಣು ಅಳೆಯದೆ ಪಿಸ್ಟನ್ ತರಿಸಬೇಡಿ. ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಗೆ ಎಷ್ಟು ಎತ್ತರ ಅನ್ನೋದನ್ನೂ ಹಳೆಯದರ ಜೊತೆ ಇಟ್ಟು ನೋಡಿ.

ಕಿಟ್ಟಿನಲ್ಲಿ ಬಂದ ಪಿಸ್ಟನ್, ಬ್ಲಾಕ್ ಒಂದಕ್ಕೊಂದು ಹೊಂದಿಯೇ ಇರ್ತವೆ ಅಂತ ನಂಬಬೇಡಿ. ಪಿಸ್ಟನ್ನನ್ನು ಪಿನ್ನಿಗೆ ಅಡ್ಡಲಾಗಿ, ಸ್ಕರ್ಟಿನ ತಳಕ್ಕಿಂತ 10 ಎಂಎಂ ಮೇಲೆ ಮೈಕ್ರೋಮೀಟರ್‌ನಿಂದ ಅಳೆಯಬೇಕು. ಬೋರನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ. ಸಾಮಾನ್ಯ ಎರಕದ ಪಿಸ್ಟನ್‌ಗೆ 0.03ರಿಂದ 0.05 ಎಂಎಂ ಸಂದು ಬಿಡಿ, ನಿಮ್ಮ ಕೆಲಸಕ್ಕೆ 0.05ರ ಹತ್ತಿರವೇ ಇರಲಿ. 0.02ಕ್ಕೆ ಬಿಗಿ ಇಟ್ಟರೆ ಮೊದಲ ಏರಿನಲ್ಲೇ ಜಾಮ್. ರಿಂಗನ್ನು ಬೋರಿನೊಳಗೆ ಹಾಕಿ ಪಿಸ್ಟನ್ ತಲೆಯಿಂದ ನೇರ ತಳ್ಳಿ, ರಿಂಗಿನ ಎರಡು ತುದಿಯ ನಡುವಿನ ಸಂದನ್ನು ಫೀಲರ್‌ನಿಂದ (ಸಂದು ಅಳೆಯುವ ತೆಳು ಪಟ್ಟಿ) ನೋಡಿ: 0.20ರಿಂದ 0.30 ಎಂಎಂ. ಕಡಿಮೆ ಇದ್ದರೆ ಸಣ್ಣ ಅರದಿಂದ ಹೊರಗಿಂದ ಒಳಮುಖವಾಗಿ ಉಜ್ಜಿ.

ನನ್ನ ಕೇಳಿದರೆ, ಹಳೆ ಬ್ಲಾಕಿನ ಲೈನರ್ ಸೀಳಿಲ್ಲ ಅಂದರೆ 0.50 ಎಂಎಂ ಓವರ್‌ಸೈಜ್ (ಮೂಲಕ್ಕಿಂತ ದೊಡ್ಡ) ಪಿಸ್ಟನ್ ತಂದು ಹಳೆ ಬ್ಲಾಕನ್ನೇ ಅದರ ಅಳತೆಗೆ ಕೊರೆಸೋದು, ಅಂದರೆ ರೀಬೋರ್ ಮಾಡಿಸೋದೇ ಲೇಸು. ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡೇ ಲೇತಿಗೆ ಬನ್ನಿ, ಅದರ ಅಳತೆಗೇ ಬೋರ್ ಕೊಡ್ತಾರೆ.

ಹೊನ್ನಾವರದಿಂದ

ಎಳೆತ ಮಾತ್ರ ಬೇಕು ಅಂದರೆ ಮುಂದಿನ ಚೈನ್ ಸ್ಪ್ರಾಕೆಟ್ ಒಂದು ಹಲ್ಲು ಇಳಿಸಿ. 15 ಇದ್ದಲ್ಲಿ 14 ಹಾಕಿದರೆ ಚಕ್ರಕ್ಕೆ ಶೇ 7 ಹೆಚ್ಚು ಬಲ. 54ರ ಬ್ಲಾಕ್ ಕೊಡೋದಕ್ಕಿಂತ ಹೆಚ್ಚೇ ಆಯಿತಲ್ಲ! ಎಂಜಿನ್ ಬಿಚ್ಚೋದೂ ಬೇಡ. ವೇಗ ಅಷ್ಟೇ ಕಮ್ಮಿ ಆಗ್ತದೆ, ತೋಟದಲ್ಲಿ ಓಡಿಸೋದಾದರೂ ಎಲ್ಲಿಗೆ? 12ಕ್ಕಿಂತ ಕೆಳಗೆ ಮಾತ್ರ ಹೋಗಬೇಡಿ, ಚೈನ್ ಬೇಗ ತಿಂದುಹಾಕ್ತದೆ.

ಗ್ಯಾರೇಜ್, ಕುಮಟಾ

ಹೊನ್ನಾವರದವರ ಮಾತಿಗೆ ನಂದೂ ಒಪ್ಪಿಗೆ. ದೊಡ್ಡ ಬ್ಲಾಕ್ ಹಾಕಿದ ಮೇಲೆ ಈ ಆಟೋ ಕ್ಲಚ್ ಜಾರೋದೂ ಇದೆ. ಎಂಜಿನ್ ಕೂಗ್ತದೆ, ಗಾಡಿ ಮೇಲೆ ಹೋಗೋದಿಲ್ಲ, ಬ್ಲಾಕಿಗೆ ಬೈಗುಳ.

ಆದರೂ ಬಿಚ್ಚುವವರಾದರೆ ಜೋಡಣೆಯಲ್ಲಿ ತಪ್ಪುವ ಜಾಗ ಹೇಳ್ತೇನೆ. ಮ್ಯಾಗ್ನೆಟ್‌ನ ಟಿ ಗುರುತು (ಪಿಸ್ಟನ್ ಹೆಡ್ಡಿನ ತುದಿಗೆ ಬಂದದ್ದರ ಗುರುತು) ಕೂರಿಸಿ, ಕ್ಯಾಮ್ ಸ್ಪ್ರಾಕೆಟ್ಟಿನ ಗುರುತು ಹೆಡ್ಡಿನ ಕಚ್ಚಿಗೆ ನೇರ ಇದೆಯಾ ನೋಡಿ, ಆಮೇಲೆ ಚೈನ್ ಕಳಚಿ. ಚೈನ್ ಕೇಸಿನೊಳಗೆ ಬೀಳದಂತೆ ತಂತಿ ಕಟ್ಟಿ. ಪಿಸ್ಟನ್ ಮೇಲೆ ಐಎನ್ ಅಂತಿದ್ದರೆ ಅದು ಇನ್ಲೆಟ್ ಕಡೆಗೆ, ಇದರಲ್ಲಿ ಮೇಲ್ಬದಿಗೆ. ಪಿನ್ ಲಾಕ್ ಹಾಕುವಾಗ ಕೇಸಿನ ಬಾಯಿಗೆ ಬಟ್ಟೆ ತುರುಕಿ, ಆ ಲಾಕ್ ಒಳಗೆ ಹಾರಿದರೆ ಅರ್ಧ ದಿನ ಹೋಯಿತು. ಹಳೆ ಲಾಕ್ ಮತ್ತೆ ಹಾಕಬೇಡಿ. ಹೆಡ್ಡಿನ ಒಂದು ಸ್ಟಡ್ ಪಕ್ಕ ಆಯಿಲ್ ಏರುವ ದಾರಿ ಇದೆ. ಅಲ್ಲಿದ್ದ ತಾಮ್ರದ ವಾಷರ್ ಅಲ್ಲಿಗೇ ಬರಬೇಕು, ಅದಲುಬದಲಾದರೆ ಆಯಿಲ್ ಸೋರ್ತದೆ. ನಟ್ ಅಡ್ಡಮೂಲೆ ಲೆಕ್ಕದಲ್ಲಿ ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಟ್ಯಾಪೆಟ್ ಸಂದು (ವಾಲ್ವ್ ತುದಿಯ ಅಂತರ) ಎಂಜಿನ್ ತಣ್ಣಗಿದ್ದಾಗ 0.05 ಎಂಎಂ.

ಹೆಡ್ ಕೊನೆಯದಾಗಿ ಕೂರಿಸುವ ಮೊದಲು ಪಿಸ್ಟನ್ ತಲೆಗೆ ಮಕ್ಕಳ ಆಟದ ಕ್ಲೇ ಒತ್ತಿ, ಹೆಡ್ ಬಿಗಿ ಮಾಡಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ ಬಿಚ್ಚಿ. ಅಂಚಿನಲ್ಲಿ ಕ್ಲೇ ಸುಮಾರು ಒಂದು ಎಂಎಂ ದಪ್ಪ ಉಳಿದಿರಬೇಕು, ವಾಲ್ವ್ ಒತ್ತಿದ ಗುಂಡಿಯಲ್ಲಿ ಅದಕ್ಕೂ ಹೆಚ್ಚು.

ಪೆಟ್ರೋಲಿನ ವಿಷಯ: ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಅದೇ ಗಾಳಿಗೆ ಇಂಧನ ಹೆಚ್ಚು ಬೇಕು. ಕಾರ್ಬೊರೇಟರಿನಲ್ಲಿ ಹಳೆ ಜೆಟ್ಟೇ (ಪೆಟ್ರೋಲ್ ಬಿಡುವ ಸಣ್ಣ ತೂತು) ಇದ್ದರೆ ಎಂಜಿನ್ ಲೀನ್ ಆಗಿ, ಅಂದರೆ ಪೆಟ್ರೋಲ್ ಸಾಲದೆ, ಬಿಸಿ ಏರ್ತದೆ, ಅದರ ಮೇಲೆ ದೊಡ್ಡ ಬೋರ್ ಬೇರೆ. ಮೇನ್ ಜೆಟ್ ಒಂದೆರಡು ನಂಬರ್ ಏರಿಸಿ, ಏರು ಹತ್ತಿಸಿ ತಕ್ಷಣ ಆಫ್ ಮಾಡಿ ಪ್ಲಗ್ ನೋಡಿ. ಬೆಳ್ಳಗಿದ್ದರೆ ಇನ್ನೂ ಏರಿಸಬೇಕು.

ಲೇತ್ ಕೆಲಸ, ಕಾರವಾರ

ಓದುವ ಬೇರೆಯವರಿಗೂ ಇರಲಿ: 400 ಸಿಸಿ ವರ್ಗದ, ಅದಕ್ಕೂ ಮೇಲಿನ ಎಟಿವಿಗಳಲ್ಲಿ ಎಲ್ಲ ಬ್ಲಾಕೂ ಒಂದೇ ಅಲ್ಲ. ಹೋಂಡಾ 400ಇಎಕ್ಸ್ 85 ಎಂಎಂ ಬೋರ್, 70 ಸ್ಟ್ರೋಕ್, ಕಬ್ಬಿಣದ ಲೈನರ್; 89 ಎಂಎಂ ಮಾಡಿದ್ದನ್ನು 440 ಅಂತ ಮಾರ್ತಾರೆ, ಲೆಕ್ಕ ಹಾಕಿದರೆ 435. ಸುಜುಕಿ ಝಡ್400, ಯಮಹಾ ರ‍್ಯಾಪ್ಟರ್ 700 ಅಂಥವು ಲೈನರ್ ಇಲ್ಲದ, ಲೇಪನದ ಬೋರ್. ಅವಕ್ಕೆ ಸಾಮಾನ್ಯ ಹೋನಿಂಗ್ ಕಲ್ಲು (ಬೋರ್ ಉಜ್ಜಿ ಗೆರೆ ಹಾಕುವ ಕಲ್ಲು) ಹಚ್ಚಿದರೆ ಲೇಪನ ಕಿತ್ತು ಬರ್ತದೆ. ಕರಾವಳಿಯವರು ಇನ್ನೊಂದು ನೋಡಿ: ಕಬ್ಬಿಣದ ಲೈನರಿನ ಬ್ಲಾಕ್ ತಂದಿಟ್ಟು ಆಯಿಲ್ ಬಳಿಯದಿದ್ದರೆ ಉಪ್ಪುಗಾಳಿಗೆ ಹೋನಿಂಗ್ ಗೆರೆಯ ಮೇಲೇ ತುಕ್ಕು ಕೂರ್ತದೆ.

ತೋಟಿಗ, ಶಿರಸಿ

ಮುಂದಿನ ಚಕ್ರ ಮರದ ಕೊಂಬೆಗೆ ಎತ್ತಿ ಕಟ್ಟಿ ಅಳೆಸಿದೆ. ಆಯಿಲ್ ಬಿಟ್ಟ ಮೇಲೆ ಒತ್ತಡ ಏರ್ತದೆ. ಮುಂದಿನ ಸ್ಪ್ರಾಕೆಟ್ 16 ಹಲ್ಲು. ಪಿನ್ 13. 0.50 ರೀಬೋರ್, ಜೊತೆಗೆ 14 ಹಲ್ಲು ಅಂತ ಮಾಡ್ತೇನೆ. ಏರ್ ಫಿಲ್ಟರ್ ಪೆಟ್ಟಿಗೆ ಬಿಚ್ಚಿದರೆ ಒಳಗೆಲ್ಲ ಕೆಂಪು ಧೂಳು.

ಗ್ಯಾರೇಜ್, ಕುಮಟಾ

ಹಳೆ ಬೋರ್ ಸವೆದದ್ದು ಅದರಿಂದಲೇ. ಫೋಮ್ ಹರಿದಿದ್ದರೆ ಬದಲಿಸಿ, ಇಲ್ಲದಿದ್ದರೆ ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ಎಂಜಿನ್ ಆಯಿಲ್ ಹಚ್ಚಿ ಹಿಂಡಿ ಹಾಕಿ. ಕಾರ್ಬೊರೇಟರಿಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ ಸಡಿಲ ಇದೆಯಾ ನೋಡಿ. ರೀಬೋರ್ ಆದ ಬ್ಲಾಕನ್ನು ಡೀಸೆಲಿನಲ್ಲಲ್ಲ, ಬಿಸಿನೀರು ಸೋಪು ಹಾಕಿ ಬ್ರಷ್‌ನಿಂದ ಉಜ್ಜಿ. ಬಿಳಿ ಬಟ್ಟೆ ಒರೆಸಿದರೆ ಕಪ್ಪಾಗದಷ್ಟು. ಮೊದಲ ಐದು ಗಂಟೆ ಟ್ರಾಲಿ ಕಟ್ಟಬೇಡಿ, ಆಮೇಲೆ ಆಯಿಲ್ ಚೆಲ್ಲಿ ಹೊಸದು ಹಾಕಿ. 16ರಿಂದ 14ಕ್ಕೆ ಇಳಿದರೆ ಚೈನ್ ಸಡಿಲ ಬೀಳ್ತದೆ, ಹಿಂದಿನ ಅಡ್ಜಸ್ಟರ್ ಎಳೆಯಿರಿ. ಸಾಲದಿದ್ದರೆ ಒಂದು ಜೋಡಿ ಲಿಂಕ್ ತೆಗೆಸಿ.